ಅಮ್ಮನ ಕಾಲ್‌ಗೆ ಮೊದಲ ಜಾಗ

ಭಾನುವಾರ ವೈಫೈನಲ್ಲಿ ಕಾಲ್ ಮಾಡಿದಾಗಲೆಲ್ಲ ಅಮ್ಮ, "ಮಾತು ತುಂಡುತುಂಡಾಗಿ ಕೇಳ್ತಿದೆ ಕಣೋ, ಇನ್ನೊಂದ್ಸಲ ಮಾಡು" ಅಂತ ಇಟ್ಟುಬಿಡೋರು. ನಾನು ಊರಿನ ನೆಟ್‌ವರ್ಕನ್ನೇ ಬೈತಿದ್ದೆ. ಆಮೇಲೆ ನೋಡಿದರೆ ತಪ್ಪು ನನ್ನ ಮನೆಯದೇ! ಅದೇ ಹೊತ್ತಿಗೆ ಲ್ಯಾಪ್‌ಟಾಪ್ ನನ್ನ ಫೋಟೊಗಳನ್ನೆಲ್ಲ ಕ್ಲೌಡ್‌ಗೆ ಕಳಿಸ್ತಿತ್ತು. ನನ್ನ ಮಾತು ರೂಟರ್‌ನಲ್ಲಿ ಅವುಗಳ ಹಿಂದೆ ಕ್ಯೂ ನಿಂತಿತ್ತು.

ಮಾತಿಗೆ ಸೆಕೆಂಡಿಗೆ 100 ಕಿಲೋಬಿಟ್ ಸಾಕು. ಆದರೆ ತಡ 150 ಮಿಲಿಸೆಕೆಂಡ್ ದಾಟಿದರೆ ಸಂಭಾಷಣೆ ಎಡವತೊಡಗುತ್ತದೆ. ಫೋಟೊ ಹತ್ತು ನಿಮಿಷ ಕಾದರೂ ನಷ್ಟವಿಲ್ಲ. ರೂಟರ್‌ನ ಕ್ಯೂಒಎಸ್ ಸೆಟ್ಟಿಂಗ್‌ನಲ್ಲಿ ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ ಇಟ್ಟು, ಕಾಲ್‌ಗೆ ಮೊದಲ ಆದ್ಯತೆ ಕೊಟ್ಟೆ. ಇದರಿಂದ ವೇಗವೇನೂ ಹೆಚ್ಚಲ್ಲ. ಯಾರು ಕಾಯಬೇಕು ಅನ್ನೋದು ಮಾತ್ರ ತೀರ್ಮಾನವಾಗುತ್ತೆ.

ಈ ಭಾನುವಾರ ಅಮ್ಮ ಮುಕ್ಕಾಲು ಗಂಟೆ ಮಾತಾಡಿದರು.