ಗೃಹವಿಚಾರ: ಕಿಡಕಿಗೆ ಎಂಥ ಜವನಿಕೆ?

ಚೈತ್ರ ಕಾಲಿಟ್ಟಿತೆಂದರೆ ನಮ್ಮ ಅಕ್ಕೋಳ, ನಿಪ್ಪಾಣಿಗಳ ಮನೆಗಳಲ್ಲಿ ಪಡುವಣ ಕೋಣೆಯು ಮಧ್ಯಾಹ್ನದ ತರುವಾಯ ಕುಳಿತುಕೊಳ್ಳಲು ಬಾರದಂತಾಗುವದು. ಆಗ ಗೃಹಸ್ಥರು ಪೇಟೆಗೆ ಹೋಗಿ ದಪ್ಪನ್ನ ಕರಿಯ ಪಡದೆಯನ್ನು ಕೊಂಡು ತರುವರು. ಕೋಣೆ ಕತ್ತಲಾಗುವದು, ತಂಪು ಮಾತ್ರ ಆಗುವದಿಲ್ಲ.

ಇದರ ಕಾರಣವು ಸರಳವಾದುದು. ಬಿಸಿಲು ಗಾಜನ್ನು ದಾಟಿ ಬಂದು ಪಡದೆಗೆ ತಗಲಿದರೆ ಪಡದೆಯೇ ಕಾಯುವದು. ಆ ಕಾವು ಗಾಜಿನ ಮೂಲಕ ಸುಲಭವಾಗಿ ಹೊರಬೀಳಲಾರದೆ ಕೋಣೆಯಲ್ಲಿಯೇ ಹರಡುವದು. ಬಿಸಿಲನ್ನು ಕಿಡಕಿಯ ಹೊರಗೇ ತಡೆದರೆ ಕಾವು ಬಯಲಿನ ಪಾಲಾಗುವದು. ಆದುದರಿಂದ ಮೊದಲು ಹೊರಗಣ ನೆರಳು, ಆಮೇಲೆ ಒಳಗಣ ಅರಿವೆ. ಹಿಂದಿನ ಮಣ್ಣಿನ ಮನೆಗಳಲ್ಲಿ ಗೋಡೆ ಮೊಳದಗಲ, ಕಿಡಕಿ ಚಿಕ್ಕದು. ಗೋಡೆಯೇ ನೆರಳು ಕೊಡುತ್ತಿತ್ತು. ಈಗಿನ ಸಿಮೆಂಟಿನ ಮನೆಗಳಲ್ಲಿ ಗೋಡೆ ತೆಳ್ಳಗಾಗಿ ಗಾಜು ಹಿಗ್ಗಿದೆ.

ಎಲ್ಲ ಕಿಡಕಿಗಳಿಗೂ ಒಂದೇ ಉಪಾಯ ಬೇಕಿಲ್ಲ. ನಮ್ಮ ಸೀಮೆಯಲ್ಲಿ ಮೇ ತಿಂಗಳ ಮೊದಲ ವಾರದ ಸುಮಾರಿಗೆ ನಡುಹಗಲಿನ ಸೂರ್ಯನು ನೆತ್ತಿಯ ಮೇಲೆಯೇ ಇರುವನು. ತೆಂಕಣ ಕಿಡಕಿಗೆ ಆಗ ಸಣ್ಣ ಛಜ್ಜೆಯೊಂದು ಸಾಕು. ಮೂಡಣ ಪಡುವಣಗಳಲ್ಲಿ ಅವನು ಕೆಳಗಿಳಿದು ಅಡ್ಡಲಾಗಿ ಇಣುಕುವದರಿಂದ ಛಜ್ಜೆಯ ಆಟ ನಡೆಯದು. ಅಲ್ಲಿ ಬಿದಿರಿನ ಕಡ್ಡಿಗಳ ಸುರುಳಿತಟ್ಟಿಯನ್ನು ಹೊರಗಡೆ ಇಳಿಬಿಡುವದು ಉತ್ತಮ. ಸಸಿಮಡಿಗಳಿಗೆ ಹೊದಿಸುವ ಹಸಿರು ನೆರಳುಬಲೆಯನ್ನು ಕಟ್ಟಿದರೂ ನಡೆದೀತು. ಶೇಕಡಾ 50, 75 ಎಂದು ಬಿಸಿಲು ತಡೆಯುವ ಪ್ರಮಾಣವನ್ನು ಹೇಳಿ ಮಾರುವರು. ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಒಣಗಾಳಿ ತಂಪಾಗಿ ಬರುವದು ನಿಜ. ಆದರೆ ಬೇಸಿಗೆಯಲ್ಲಿ ಕುಡಿಯುವ ನೀರಿಗೇ ತೊಡಕಾಗುವ ಹಳ್ಳಿಯವರಿಗೆ ಆ ವಿಲಾಸವನ್ನು ನಾವು ಹೇಳಲಾರೆವು.

ಅಮರಸಿಂಹನು ತನ್ನ ಕೋಶದಲ್ಲಿ ಕಿಡಕಿಗೆ ವಾತಾಯನವೆಂದು ಹೆಸರು ಕೊಟ್ಟಿದ್ದಾನೆ. ಗಾಳಿಯ ದಾರಿ ಎಂದು ಅದರ ಅರ್ಥ. ಜವನಿಕೆಗೆ ಅವನು ಹೇಳಿದ ತಿರಸ್ಕರಿಣೀ ಎಂಬ ಹೆಸರಿಗೆ ಮರೆಮಾಡುವಂಥದು ಎಂದರ್ಥ. ಮರೆಯು ದಾರಿಯನ್ನೇ ಕಟ್ಟಬಾರದು. ನಿಪ್ಪಾಣಿಯ ಸುತ್ತಲಿನ ಅನೇಕ ಮನೆಗಳಲ್ಲಿ ಹೆಣ್ಣುಮಕ್ಕಳು ಕುಳಿತು ಬೀಡಿ ಕಟ್ಟುವರು. ಎಲೆಯ ಅಂಚು ಕಾಣುವಷ್ಟು ಬೆಳಕೂ ತಂಬಾಕಿನ ಧೂಳು ಹೊರಹೋಗುವಷ್ಟು ಗಾಳಿಯೂ ಅವರಿಗೆ ಬೇಕೇ ಬೇಕು. ಅಂಥ ಕೋಣೆಗೆ ಕರಿಯ ಪಡದೆಯನ್ನು ಹಾಕಿ ಕಿಡಕಿ ಮುಚ್ಚುವದೆಂದರೆ ಬಿಸಿಲಿನ ಕಾಟವನ್ನು ತಪ್ಪಿಸಲು ಕಣ್ಣನ್ನೂ ಶ್ವಾಸಕೋಶವನ್ನೂ ತೆರುವದೇ ಸರಿ. ತಟ್ಟಿಯಾದರೆ ಕಡ್ಡಿಗಳ ಸಂದಿನಿಂದ ಎರಡನ್ನೂ ಬಿಡುವದು.

ಪೂರ್ತಿ ಕತ್ತಲೆಯು ಬೇಕಾಗುವವರೂ ಉಂಟು: ರಾತ್ರಿಪಾಳಿಯ ದುಡಿಮೆ ಮುಗಿಸಿ ಹಗಲು ಮಲಗುವವರು, ಬೆಳಕನ್ನು ತಾಳದ ರೋಗಿಗಳು. ಅವರು ದಪ್ಪ ಅರಿವೆಗೆ ಬಿಳಿಯ ಅಸ್ತರು ಹಚ್ಚಿಸಿ ಬಿಳಿಯ ಮೈಯನ್ನು ಬಿಸಿಲಿನ ಕಡೆಗೆ ಮಾಡಬೇಕು. ಪಡದೆಯು ಚೌಕಟ್ಟಿಗಿಂತ ಎರಡೂ ಬದಿಗೆ ಗೇಣುಗೇಣು ಅಗಲವಿರಲಿ. ಇಲ್ಲವಾದರೆ ಅಂಚಿನಿಂದ ಬೆಳಕು ನುಸುಳುವದು. ಅಂಗಡಿಯಲ್ಲಿ ಅರಿವೆಯನ್ನು ಹೊರಗೆ ತಂದು ಬಿಸಿಲಿಗೆ ಹಿಡಿದು ನೋಡಬೇಕು. ದೀಪದ ಕೆಳಗೆ ಎಲ್ಲವೂ ದಪ್ಪವಾಗಿಯೇ ಕಾಣುವವು.

ಸೂರ್ಯ ಮುಳುಗಿ ಹೊರಗಣ ಗಾಳಿ ತಂಪಾದೊಡನೆ ತಟ್ಟಿ ಪಡದೆಗಳನ್ನೆಲ್ಲ ಎತ್ತಿ ಕಿಡಕಿ ತೆರೆಯಬೇಕು. ಒಲೆಯ ಬಳಿಯ ಕಿಡಕಿಗೆ ಯಾವ ಅರಿವೆಯನ್ನೂ ಕಟ್ಟಲಾಗದು. ಮನೆಯಲ್ಲಿ ತೊಟ್ಟಿಲ ಕೂಸು, ಅಂಬೆಗಾಲಿನ ಮಗು ಇದ್ದರೆ ಸುರುಳಿತಟ್ಟಿಯ ಹಗ್ಗವನ್ನು ಎತ್ತರದ ಮೊಳೆಗೆ ಸುತ್ತಿಡಬೇಕು. ಜೋತುಬಿದ್ದ ಹಗ್ಗವು ಕೊರಳಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯವುಂಟು.