ಆಶ್ರಯ ಬೇಡಿದ ಸ್ತ್ರೀಯ ಅಪೀಲು

ಪರದೇಶದಲ್ಲಿ ಆಶ್ರಯ ಬೇಡುವ ಸ್ತ್ರೀಯರ ವಿಷಯದಲ್ಲಿ ವಿದ್ಯಾವಂತರ ಬಾಯಿಂದಲೇ ಒಂದು ಮಾತು ಕೇಳಿಬರುತ್ತದೆ. “ಗಂಡನು ಹೊಡೆದನು, ಮನೆಯವರು ಹೊರಗೆ ನೂಕಿದರು ಎಂಬುದೆಲ್ಲ ಗೃಹಕಲಹ. ಇದಕ್ಕೆ ಪರರಾಜ್ಯದ ಸರಕಾರವೇಕೆ ಹೊಣೆಯಾಗಬೇಕು? ಅಧಿಕಾರಿಯು ಒಮ್ಮೆ ಅರ್ಜಿಯನ್ನು ವಜಾ ಮಾಡಿದ ಮೇಲೆ ಅಪೀಲಿನ ಮೇಲೆ ಅಪೀಲು ಏತಕ್ಕೆ?” ಕೇಳುವುದಕ್ಕೆ ಇದು ಬಹು ವಿವೇಕದ ಮಾತಿನಂತೆ ತೋರುತ್ತದೆ. ವಿಚಾರಿಸಿ ನೋಡಿದರೆ ಇದರಲ್ಲಿ ವಿವೇಕವೂ ಇಲ್ಲ, ನ್ಯಾಯವೂ ಇಲ್ಲ.

ಈ ತೊಡಕಿನ ಮೂಲವು ಕಾನೂನಿನ ಅಕ್ಷರಗಳಲ್ಲಿಯೇ ಇದೆ. 1948ರ ಮಾನವ ಹಕ್ಕುಗಳ ಘೋಷಣೆಯ ಮೊದಲನೆಯ ವಿಧಿಯಲ್ಲಿದ್ದ ಪುರುಷವಾಚಕ ಶಬ್ದವನ್ನು ತೆಗೆಯಿಸಿ “ಮಾನವರೆಲ್ಲರು” ಎಂಬ ಅರ್ಥದ ಪದವನ್ನು ಇರಿಸಿದವರು ನಮ್ಮ ದೇಶದ ಶ್ರೀಮತಿ ಹಂಸಾ ಮೆಹತಾ ಅವರು. ಮೂರೇ ವರ್ಷಗಳ ತರುವಾಯ, 1951ರಲ್ಲಿ, ಜಿನೀವದಲ್ಲಿ ನಿರಾಶ್ರಿತರ ಒಪ್ಪಂದವು ಸಿದ್ಧವಾಯಿತು. ಜನಾಂಗ, ಮತ, ರಾಷ್ಟ್ರೀಯತೆ, ವಿಶಿಷ್ಟ ಸಾಮಾಜಿಕ ವರ್ಗ, ರಾಜಕೀಯ ಅಭಿಪ್ರಾಯ ಎಂಬ ಐದು ಕಾರಣಗಳಿಂದ ಪೀಡನೆಗೆ ಅಂಜಿದವರೇ ಅದರ ಪ್ರಕಾರ ನಿರಾಶ್ರಿತರು. ಲಿಂಗಭೇದದ ಹೆಸರು ಅಲ್ಲಿಲ್ಲ. ಆ ಸಮ್ಮೇಳನದಲ್ಲಿ, ನಿರಾಶ್ರಿತರೊಳಗೆ ಭೇದ ಮಾಡಕೂಡದೆಂಬ ವಿಧಿಯಲ್ಲಿ ಲಿಂಗಭೇದವನ್ನೂ ಸೇರಿಸಬೇಕೆಂದು ಯುಗೋಸ್ಲಾವಿಯದ ಪ್ರತಿನಿಧಿಯು ಸೂಚಿಸಿದಾಗ, ಸ್ತ್ರೀಯೆಂಬ ಕಾರಣಕ್ಕಾಗಿ ಯಾರಿಗಾದರೂ ಪೀಡನೆಯಾದೀತೇ ಎಂದು ಸಂದೇಹಪಟ್ಟವರು ಸಾಮಾನ್ಯರಲ್ಲ, ನಿರಾಶ್ರಿತರ ಹೈ ಕಮಿಷನರೇ! ಲೋಕದ ಮನೆಗಳ ಒಳಗನ್ನು ಬಲ್ಲ ಯಾವ ಅಜ್ಜಿಯನ್ನು ಕೇಳಿದ್ದರೂ ಅವರ ಸಂದೇಹವು ಪರಿಹಾರವಾಗುತ್ತಿತ್ತು.

ಹೀಗೆ ಮುಚ್ಚಿದ ಬಾಗಿಲನ್ನು ತೆರೆದದ್ದು ಅಪೀಲು. ಪಾಕಿಸ್ತಾನದ ಇಬ್ಬರು ಸ್ತ್ರೀಯರು ಗಂಡಂದಿರಿಂದ ಮನೆಯ ಹೊರಗೆ ಹಾಕಲ್ಪಟ್ಟು ಇಂಗ್ಲೆಂಡಿಗೆ ಬಂದಿದ್ದರು. ಅವರಲ್ಲೊಬ್ಬಳು ಉಪಾಧ್ಯಾಯಿನಿ, ಶಾಲೆಯಲ್ಲಿ ಹುಡುಗರ ಎರಡು ಗುಂಪುಗಳ ಜಗಳವನ್ನು ಬಿಡಿಸಲು ಹೋದದ್ದೇ ಅವಳಿಗೆ ವ್ಯಭಿಚಾರದ ಅಪವಾದವನ್ನು ತಂದಿತು. ಮತ್ತೊಬ್ಬಳು ಗರ್ಭಿಣಿಯಾಗಿ ಬಂದವಳು. ಹಿಂದಿರುಗಿದರೆ ಅಪವಾದವೂ ಅದರ ಶಿಕ್ಷೆಯೂ ಕಾದಿದ್ದವು. ಕೆಳಗಿನ ವಿಚಾರಣಾಧಿಕಾರಿಗಳು ಇಲ್ಲವೆಂದರು. 1997ರಲ್ಲಿ ಅಪೀಲು ನ್ಯಾಯಸ್ಥಾನವೂ ಇಲ್ಲವೆಂದಿತು. 1999ನೆಯ ಮಾರ್ಚಿಯಲ್ಲಿ ಲಾರ್ಡುಗಳ ಸಭೆಯು ಐವರಲ್ಲಿ ನಾಲ್ವರ ಮತದಿಂದ ಅವರ ಅಪೀಲನ್ನು ಎತ್ತಿಹಿಡಿಯಿತು. ಲಾರ್ಡ್ ಹಾಫ್‌ಮನ್ ಅವರು ಅಲ್ಲಿ ಕೊಟ್ಟ ದೃಷ್ಟಾಂತವನ್ನು ಗೃಹಕಲಹವಾದಿಗಳು ಚೆನ್ನಾಗಿ ಮನನ ಮಾಡತಕ್ಕದ್ದು. ನಾಜಿಗಳ ಜರ್ಮನಿಯಲ್ಲಿ ಒಬ್ಬ ಯೆಹೂದ್ಯ ವರ್ತಕನ ಅಂಗಡಿಯನ್ನು ಪಕ್ಕದ ಪೈಪೋಟಿಗಾರನು ಒಡೆಯುತ್ತಾನೆ. ಒಡೆದವನಿಗೆ ವ್ಯಾಪಾರದ ಹೊಟ್ಟೆಕಿಚ್ಚೇ ಕಾರಣವಿರಬಹುದು. ಆದರೆ ಯೆಹೂದ್ಯನನ್ನು ಪೋಲೀಸರು ಕಾಯುವುದಿಲ್ಲವೆಂಬ ಧೈರ್ಯವೇ ಅವನ ಬೆನ್ನಿಗಿದೆ. ಹೊಡೆಯುವವನು ಗಂಡನಾದರೇನು? ಹೆಂಗಸೆಂದು ಠಾಣೆಯೂ ನ್ಯಾಯಸ್ಥಾನವೂ ಅವಳಿಗೆ ಬೆನ್ನು ತಿರುಗಿಸಿದ ಕ್ಷಣದಲ್ಲಿ ಅದು ಗೃಹಕಲಹವಾಗಿ ಉಳಿಯುವುದಿಲ್ಲ.

ಇನ್ನು, ಅಧಿಕಾರಿಯು ನಂಬದೆ ಹೋದದ್ದಕ್ಕೆ ಕೊಡುವ ಕಾರಣಗಳು. ಮೊದಲ ದಿನವೇ ಏಕೆ ಹೇಳಲಿಲ್ಲ? ಕಾಗದದ ರುಜುವಾತು ಎಲ್ಲಿ? ಮಾನಭಂಗವಾದುದನ್ನು ಅಪರಿಚಿತನಾದ ಅಧಿಕಾರಿಯೆದುರು, ತನ್ನ ಊರಿನ ಭಾಷೆಯ ದುಭಾಷಿ ಗಂಡಸಿನ ಮೂಲಕ, ಕೇಳಿದೊಡನೆ ತಾರೀಖುಸಹಿತ ಒಪ್ಪಿಸುವ ಸ್ತ್ರೀಯು ಯಾವ ದೇಶದಲ್ಲಿದ್ದಾಳೆ? ರುಜುವಾತಂತೂ, ಹೊಡೆದವನು ರಸೀದಿ ಬರೆದುಕೊಡುವನೇ? ವೈದ್ಯರ ಅಭಿಪ್ರಾಯ, ಆ ದೇಶದ ಸ್ಥಿತಿಯನ್ನು ಬಲ್ಲವರ ಸಾಕ್ಷ್ಯ, ಅವಳೇ ನಿಧಾನವಾಗಿ ಬರೆಯಿಸಿದ ಹೇಳಿಕೆ, ಇವೆಲ್ಲ ಒದಗುವುದು ಬಹುಮಟ್ಟಿಗೆ ಅಪೀಲಿನ ಕಾಲದಲ್ಲಿ, ಅದೂ ವಕೀಲನೊಬ್ಬನು ದೊರೆತರೆ. 2022ರ ಸುಮಾರಿನಲ್ಲಿ ಬ್ರಿಟನ್ನಿನಲ್ಲಿ ಫೈಸಲಾದ ಆಶ್ರಯದ ಅಪೀಲುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗೆದ್ದವು. ಮೊದಲನೆಯ ತೀರ್ಪೇ ಸಾಕೆನ್ನುವವರು ಇದಕ್ಕೇನು ಹೇಳುತ್ತಾರೆ?

ಆದರೂ ಕತ್ತರಿ ಬೀಳುವುದು ಅಪೀಲಿಗೇ. ಅಲ್ಲಿ ಸಾಧಾರಣ ಮುದ್ದತು 14 ದಿನ. ಯಾರ್ಲ್ಸ್ ವುಡ್ಡಿನ ಬಂಧನಗೃಹದಲ್ಲಿ ಸ್ತ್ರೀಯರನ್ನು ಇರಿಸಿ ನಡೆಯಿಸುತ್ತಿದ್ದ “ಶೀಘ್ರ” ಪದ್ಧತಿಯಲ್ಲಿ ಅಪೀಲು ಹೂಡಲು ಕೊಟ್ಟಿದ್ದುದು ಕೆಲಸದ ದಿನಗಳು ಎರಡೇ! 2015ರಲ್ಲಿ ನ್ಯಾಯಸ್ಥಾನವೇ ಆ ನಿಯಮಗಳನ್ನು ಅನ್ಯಾಯವೆಂದು ತಳ್ಳಿಹಾಕಬೇಕಾಯಿತು. ವಿಶಿಷ್ಟ ವರ್ಗವೆನ್ನಿಸಿಕೊಳ್ಳಲು ಬದಲಾಯಿಸಲಾಗದ ಸಮಾನ ಲಕ್ಷಣವಾಗಲಿ, ಸಮಾಜವು ಬೇರೆಯೆಂದು ಗುರುತಿಸುವುದಾಗಲಿ, ಒಂದಿದ್ದರೆ ಸಾಕೆಂದು ಹಿಂದೆ ದೊಡ್ಡ ನ್ಯಾಯಾಧೀಶರು ಹೇಳಿದ್ದರು. 2022ರ ಕಾಯಿದೆಯು ಎರಡೂ ಇರಬೇಕೆಂದು ವಿಧಿಸಿತು.

“ಹೀಗಾದರೆ ಲೋಕದ ಅರ್ಧ ಜನವೇ ಬಂದಾರು” ಎಂಬ ಭಯವನ್ನು ಕೆಲವರು ಹುಟ್ಟಿಸುತ್ತಾರೆ. ಕೈಯಲ್ಲಿ ಹಣವಿಲ್ಲದೆ, ಮಕ್ಕಳನ್ನು ಬಿಡಲಾರದೆ, ಗಂಡಸಿನ ಅನುಮತಿಯಿಲ್ಲದೆ ಹೊಸಲು ದಾಟಲಾರದವರು ಸಮುದ್ರ ದಾಟಿ ಬರುವರೆಂದು ಅಂಜುವುದು ವಿನೋದವೇ ಸರಿ. ಬಂದವಳು ಗೆಲ್ಲಬೇಕಾದರೂ ಸ್ತ್ರೀಯೆಂದಷ್ಟೇ ಹೇಳಿದರೆ ಆಗದು. ತನಗೇ ಅಪಾಯವಿದೆ, ತನ್ನ ಸರಕಾರವು ಕಾಯದು, ಆ ದೇಶದ ಬೇರೊಂದು ಊರಿನಲ್ಲಿಯೂ ಬದುಕಲಾಗದು ಎಂಬುದನ್ನು ತೋರಿಸಬೇಕು.

ಅಪೀಲು ಸ್ವತಂತ್ರ ನ್ಯಾಯಾಧೀಶನ ಕೈಯಲ್ಲಿ ಇಲ್ಲದಿದ್ದರೆ ಏನಾಗುವುದೆಂಬುದಕ್ಕೆ ಅಮೆರಿಕವನ್ನು ನೋಡಬಹುದು. ಅಲ್ಲಿ ವಲಸೆಯ ಅಪೀಲು ಮಂಡಲಿಯು ಅಟಾರ್ನಿ ಜನರಲರ ಅಧೀನ. ಅವರು ಅದರ ತೀರ್ಪನ್ನು ತಾವೇ ತಿರುಗಿಸಬಲ್ಲರು. ಗಂಡನಿಂದ ಬಿಡಿಸಿಕೊಳ್ಳಲಾಗದ ಗ್ವಾಟೆಮಾಲದ ವಿವಾಹಿತೆಯರೂ ಒಂದು ವರ್ಗವಾಗಬಲ್ಲರೆಂದು ಮಂಡಲಿಯು 2014ರಲ್ಲಿ ಹೇಳಿತು. ಎಲ್ ಸಾಲ್ವಡೋರಿನ ಸ್ತ್ರೀಯೊಬ್ಬಳ ಮೊಕದ್ದಮೆಯಲ್ಲಿ 2018ರಲ್ಲಿ ಒಬ್ಬ ಅಟಾರ್ನಿ ಜನರಲರು ಅದನ್ನು ಅಳಿಸಿದರು; 2021ರಲ್ಲಿ ಮತ್ತೊಬ್ಬರು ಅಳಿಸಿದ್ದನ್ನು ಅಳಿಸಿದರು; 2025ರಲ್ಲಿ ಇನ್ನೊಬ್ಬರು 2018ರ ಮಾತನ್ನೇ ಮತ್ತೆ ನಿಲ್ಲಿಸಿದರು. ಈ ಹನ್ನೊಂದು ವರ್ಷಗಳಲ್ಲಿ ಹೊಡೆಯುವ ಗಂಡಸಿನ ಕೈ ಬದಲಾಗಿರಲಿಲ್ಲ. ರುಜು ಹಾಕುವ ಕೈಗಳು ಮಾತ್ರ ಬದಲಾಗಿದ್ದವು.