ಹೋಲಿಕೆಯ ಆತುರ

'ಆಫ್ರಿಕದ ಸೃಷ್ಟಿಕಥೆ' ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವ ರೂಢಿಯನ್ನು ನಾವು ಒಪ್ಪಲಾರೆವು. ನೈಜೀರಿಯದ ಯೊರುಬಾ ಜನರ ಕಥನದಲ್ಲಿ ಪರಮದೇವನಾದ ಒಲೊಡುಮಾರೆಯ ಅಪ್ಪಣೆಯಂತೆ ಒಬಾತಲಾ ಎಂಬ ದೇವತೆ ಸರಪಳಿ ಹಿಡಿದು ಆಕಾಶದಿಂದ ಇಳಿಯುತ್ತಾನೆ. ಕೆಳಗೆ ಬರಿಯ ನೀರು. ಬಸವನಹುಳುವಿನ ಚಿಪ್ಪಿನಲ್ಲಿ ತಂದ ಮಣ್ಣನ್ನು ಅವನು ಸುರಿಯುತ್ತಾನೆ. ಐದು ಬೆರಳಿನ ಕೋಳಿಯೊಂದು ಅದನ್ನು ಕೆದರಿ ನೆಲವಾಗಿ ಹರಡುತ್ತದೆ. ಆ ಸ್ಥಳವೇ ಇಫೆ. ದಕ್ಷಿಣ ಆಫ್ರಿಕದ ಜುಲು ಹಿರಿಯರ ಮಾತಿನಲ್ಲಾದರೋ ಉಂಕುಲುಂಕುಲು ಜೊಂಡಿನಿಂದ ಒಡೆದು ಹೊರಬಂದವನು. ಅಲ್ಲಿ ಸರಪಳಿಯೂ ಇಲ್ಲ, ಕೋಳಿಯೂ ಇಲ್ಲ.

ಒಬಾತಲಾ ಜೇಡಿಮಣ್ಣಿನಿಂದ ಮನುಷ್ಯರನ್ನು ರೂಪಿಸಿದ, ಉಸಿರನ್ನು ಮಾತ್ರ ಒಲೊಡುಮಾರೆ ಕೊಟ್ಟ ಎಂಬ ಭಾಗ ಬಂದೊಡನೆ ನಮ್ಮವರ ಕಣ್ಣು ಅರಳುತ್ತದೆ. ಆದಮ್(ಅ)ರ ಮಣ್ಣು ನೆನಪಾಗಿ, 'ನೋಡಿ, ಅವರಲ್ಲೂ ನಮ್ಮದೇ ಇದೆ' ಎನ್ನುತ್ತೇವೆ. ಈ ಆತುರ ಸಲ್ಲದು. ನಮ್ಮ ವಿಶ್ವಾಸದಲ್ಲಿ ರೂಪವಿತ್ತವನೂ ಆತ್ಮವನ್ನು ಊದಿದವನೂ ಅಲ್ಲಾಹನೊಬ್ಬನೇ; ಅಲ್ಲಿ ಕೆಲಸ ಹಂಚಿಹೋಗಿದೆ. ಹಂಚಿಹೋದುದರಿಂದಲೇ ಮುಂದಿನ ಘಟನೆಗೆ ಎಡೆಯಾಯಿತು. ಒಬಾತಲಾ ತಾಳೆಯ ಹೆಂಡ ಕುಡಿದು ಮತ್ತನಾಗಿ ಗೂನುಬೆನ್ನಿನವರನ್ನು, ಕೈಕಾಲು ಊನವಾದವರನ್ನು ರೂಪಿಸುತ್ತಾನೆ; ಎಚ್ಚರವಾದ ಮೇಲೆ ಮರುಗಿ ಅವರ ರಕ್ಷಕನಾಗುತ್ತಾನೆ. ಅವನ ಭಕ್ತರಿಗೆ ತಾಳೆಹೆಂಡ ನಿಷಿದ್ಧ.

ಸೃಷ್ಟಿಯಲ್ಲಿ ಪ್ರಮಾದವೆಂಬುದನ್ನು ನಾವು ಒಪ್ಪೆವು. ಆದರೆ ಊನದ ಮಗು ಹುಟ್ಟಿದ ಮನೆಗೆ ಹೋಗಿ 'ಯಾರ ಪಾಪವೋ' ಎಂದು ತಾಯಿಯತ್ತ ನೋಡುವವರು ನಮ್ಮ ನಡುವೆಯೇ ಇದ್ದಾರಲ್ಲವೇ? ಯೊರುಬಾ ಕಥೆ ದೋಷವನ್ನು ತಾಯಿಯ ಮೇಲೆ ಹೊರಿಸಲಿಲ್ಲ, ಮಗುವಿನ ಮೇಲೂ ಹೊರಿಸಲಿಲ್ಲ. ನಮ್ಮದನ್ನೇ ಹುಡುಕುತ್ತ ಹೋದವರಿಗೆ ಇದು ಕಾಣುವುದಿಲ್ಲ.

ಬರೆದಿಟ್ಟದ್ದಲ್ಲವೆಂದು ಈ ಕಥೆಗಳನ್ನು ತಳ್ಳಿಹಾಕುವುದಂತೂ ಹಾಫಿಝರನ್ನು ಬೆಳೆಸುವ ಸಮುದಾಯಕ್ಕೆ ಶೋಭಿಸದು. ಯೊರುಬಾ ಜನರ ಇಫಾ ಪರಂಪರೆಯ ಪದ್ಯಗಳು 256 ವಿಭಾಗಗಳಲ್ಲಿವೆ; ಬಾಬಲಾವೋ ಆಗಬಯಸುವವನು ವರ್ಷಗಟ್ಟಲೆ ಗುರುವಿನೆದುರು ಕುಳಿತು ಅವನ್ನು ಕಂಠಸ್ಥ ಮಾಡುತ್ತಾನೆ. ಹಾಗೆಂದು ಎಲ್ಲ ಮೌಖಿಕ ಕಥನವೂ ಅಕ್ಷರ ತಪ್ಪದೆ ಉಳಿದಿದೆಯೆಂದೂ ತಿಳಿಯಬಾರದು. 1868ರಿಂದ ಹೆನ್ರಿ ಕ್ಯಾಲವೇ ಪ್ರಕಟಿಸಿದ ಜುಲು ಹೇಳಿಕೆಗಳಲ್ಲಿ ಹಿರಿಯರ ಮಾತು ಒಂದಕ್ಕೊಂದು ಹೊಂದುವುದಿಲ್ಲ: ಒಬ್ಬರಿಗೆ ಉಂಕುಲುಂಕುಲು ಎಲ್ಲವನ್ನೂ ಉಂಟುಮಾಡಿದವನು, ಇನ್ನೊಬ್ಬರಿಗೆ ಎಂದೋ ತೀರಿಹೋದ ಮೊದಲ ಪೂರ್ವಜ. ಅದನ್ನೇ ದೇವನಾಮವಾಗಿ ಬಳಸಬಹುದೇ ಎಂದು ಮಿಷನರಿಗಳು ತಮ್ಮತಮ್ಮಲ್ಲೇ ವಾದಿಸಿದರು. ಕ್ಯಾಲವೇ ಸ್ವತಃ ಮಿಷನರಿ. ಆದರೂ ಆ ಭಿನ್ನ ಮಾತುಗಳನ್ನು ತಿದ್ದಿ ಒಂದಾಗಿಸದೆ, ಜುಲು ಭಾಷೆಯಲ್ಲೇ, ಒಂದರ ಪಕ್ಕದಲ್ಲೊಂದು ಅಚ್ಚು ಮಾಡಿಸಿದರು.